ಟಬ್ಬಿನ ಮೇಲಿನ ಗಾಜಿಗೆ 66 ಇಂಚು ಯಾಕೆ

ಕಳೆದ ಫೆಬ್ರವರಿಯಲ್ಲಿ ನಮ್ಮ ಅಡುಗೆಮನೆಯ ಸೀಲಿಂಗ್ ಮೇಲೆ ಒಂದು ಕಲೆ ಕಾಣಿಸಿತು. ಬಿಳಿ ಪಂಚೆಗೆ ಚಹಾ ಚೆಲ್ಲಿದರೆ ಅಂಚು ಕಂದಾಗಿ, ನಡು ತೆಳ್ಳಗೆ ಉಳಿಯುತ್ತದಲ್ಲ, ಥೇಟ್ ಹಾಗೆ. ಮೊದಲು ಅಂಗೈ ಅಗಲ ಇತ್ತು. ಎರಡು ವಾರದಲ್ಲಿ ಊಟದ ತಟ್ಟೆಯಷ್ಟಾಯಿತು. ಅದಕ್ಕೆ ಸರಿಯಾಗಿ ಮೇಲೆ ಇರುವುದು ಮಹಡಿಯ ಬಚ್ಚಲು.

ನಾವಿರುವುದು ಒಹಾಯೋದಲ್ಲಿ, ಕೊಲಂಬಸ್ ಪಕ್ಕದ ಒಂದು ಬಡಾವಣೆಯಲ್ಲಿ. ಮನೆ ಕಟ್ಟಿದ್ದು 1978ರಲ್ಲಿ. ಆ ಕಾಲದ ಅಮೆರಿಕದ ಮನೆಗಳಲ್ಲಿ ಮಲಗುವ ಕೋಣೆಗಳ ಮಧ್ಯೆ ಒಂದು ಬಚ್ಚಲು ಇರುವುದು ವಾಡಿಕೆ. ಮೂರು ಗೋಡೆಗಳ ನಡುವೆ 60 ಇಂಚು ಉದ್ದದ ಬಾತ್‌ಟಬ್ ಕೂರಿಸಿರುತ್ತಾರೆ. ಒಂದು ತುದಿಯ ಗೋಡೆಯಲ್ಲಿ ನಲ್ಲಿ, ಅದರ ಮೇಲೆ ಶವರ್. ನಾಲ್ಕನೇ ಬದಿಗೆ ಪರದೆ ಇರುತ್ತದೆ, ಇಲ್ಲವೇ ಅತ್ತಿತ್ತ ಸರಿಯುವ ಎರಡು ಗಾಜಿನ ಬಾಗಿಲು. ನಮ್ಮಲ್ಲಿ ಇದ್ದದ್ದು ಗಾಜು. ಹಿಂದಿನ ಮಾಲೀಕರು ಹಾಕಿಸಿದ್ದು. ಸುತ್ತ ಅಲ್ಯೂಮಿನಿಯಂ ಚೌಕಟ್ಟು, ಗಾಜಿನ ಎತ್ತರ 56 ಇಂಚು.

ಪ್ಲಂಬರ್ ಬಂದರು. ಟಬ್ಬಿನ ಹಿಂಬದಿಯ ಹಲಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರು. ನಲ್ಲಿಯ ಜೋಡಣೆ ಒಣಗಿತ್ತು. ನೀರು ಹೊರಹೋಗುವ ಪೈಪೂ ಒಣಗಿತ್ತು. ಟಬ್ ತುಂಬಿಸಿ, ಪೂರ್ತಿ ಖಾಲಿ ಮಾಡಿ ಮತ್ತೆ ನೋಡಿದರು. ಒಂದು ಹನಿ ಇಲ್ಲ. ಆಮೇಲೆ ಅವರು ಕೆಳಗೆ ಕೂತು ಟಬ್ಬಿನ ಬುಡ ಮತ್ತು ನೆಲ ಸೇರುವ ಸಂದಿಯಲ್ಲಿ ಬೆರಳಾಡಿಸಿದರು. ಅಲ್ಲಿ ಸಂದಿ ಮುಚ್ಚಲು ಹಚ್ಚಿದ್ದ ಸಿಲಿಕೋನ್ ಅಂಟು ಎದ್ದುಬಂದಿತ್ತು, ಒಳಗೆ ಮೆತ್ತಗಿತ್ತು. "ನಿಮ್ಮ ಪೈಪ್ ಸೋರುತ್ತಿಲ್ಲ. ನೀರು ಮೇಲಿನಿಂದ ಹಾರಿ ಹೊರಗೆ ಬೀಳುತ್ತಿದೆ. ಈ ಮನೆಯಲ್ಲಿ ಎತ್ತರದವರು ಯಾರಾದರೂ ಇದ್ದಾರಾ?" ಎಂದು ಕೇಳಿದರು.

ಇದ್ದಾರೆ. ನಮ್ಮನೆಯವರು 6 ಅಡಿ 1 ಇಂಚು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಸಾಗರದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಬಚ್ಚಲು ಮನೆ ಅಂದರೆ ಇಡೀ ಕೋಣೆಯೇ ನೀರಿಗಾಗಿ ಇರುವಂಥದ್ದು. ಹಂಡೆಯಲ್ಲಿ ಬಿಸಿನೀರು, ತಂಬಿಗೆಯಲ್ಲಿ ಮೊಗೆದು ಮೊಗೆದು ಹುಯ್ದುಕೊಳ್ಳುವುದು. ಎಷ್ಟು ಹೊತ್ತು ಬೇಕಾದರೂ, ಯಾವ ಕಡೆ ಬೇಕಾದರೂ. ನೆಲ ಕಲ್ಲಿನದು, ಇಳಿಜಾರಾಗಿ ಮೂಲೆಯ ತೂಬಿಗೆ ಹೋಗುತ್ತದೆ, ಅಲ್ಲಿಂದ ನೀರು ಹಿತ್ತಲಿನ ಬಾಳೆ ಬುಡಕ್ಕೆ. ಸ್ನಾನದ ನೀರು ಹೊರಗೆ ಹಾರುವುದು ಅನ್ನುವ ಮಾತೇ ಅಲ್ಲಿ ಇಲ್ಲ. ಅಮೆರಿಕದ ಮನೆಗಳ ಬಚ್ಚಲಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ತೂತೇ ಇರುವುದಿಲ್ಲ. ಟೈಲ್ಸ್ ಕೆಳಗೆ ಮರದ ಹಲಗೆ, ಅದರ ಕೆಳಗೆ ಮರದ ತೊಲೆ, ಅದರ ಕೆಳಗೆ ಅಡುಗೆಮನೆಯ ಸೀಲಿಂಗ್. ಟಬ್ಬಿನಿಂದ ಆಚೆ ಬಿದ್ದ ಪ್ರತಿ ಹನಿಯೂ ಮರಕ್ಕೆ ಹೋಗುತ್ತದೆ. ಅದಕ್ಕೇ ಇಲ್ಲಿ ಗಾಜಿನ ಎತ್ತರ ಅಷ್ಟು ಮುಖ್ಯ. ಚೆಂದದ ಪ್ರಶ್ನೆ ಆಮೇಲೆ.

ನಮ್ಮಲ್ಲಿ ಏನಾಗಿತ್ತು ಅಂದರೆ, ಹಳೆಯ ಶವರ್ ಪೈಪು ಗೋಡೆಯಿಂದ ಹೊರಬರುತ್ತಿದ್ದದ್ದು ನೆಲದಿಂದ 74 ಇಂಚಿಗೆ. ಅದರ ತುದಿಯ ಶವರ್ ಇನ್ನೂ ಮೂರಿಂಚು ಕೆಳಗೆ ಬಾಗಿರುತ್ತದೆ. ಇವರು ಅದರಡಿ ನಿಂತರೆ ನೀರು ಎದೆಗೆ ಬೀಳುತ್ತಿತ್ತು. ತಲೆ ತೊಳೆಯಲು ಮೊಣಕಾಲು ಬಗ್ಗಿಸಬೇಕಿತ್ತು. ಆರು ವರ್ಷ ಹಾಗೇ ಸ್ನಾನ ಮಾಡಿದ್ದರು. ಕಲೆ ಕಾಣುವ ಮೊದಲಿನ ಬೇಸಿಗೆಯಲ್ಲಿ ಎಸ್ ಆಕಾರದ ಒಂದು ಪೈಪು ತಂದು ಹಾಕಿಕೊಂಡರು. ಹತ್ತು ನಿಮಿಷದ ಕೆಲಸ. ಶವರ್ ಆರಿಂಚು ಮೇಲೇರಿತು. ಇವರಿಗೆ ತುಂಬಾ ಸುಖವಾಯಿತು. ಗಾಜು ಮಾತ್ರ ಇದ್ದಲ್ಲೇ ಇತ್ತು. ಅದನ್ನು ನಾವಿಬ್ಬರೂ ಯೋಚಿಸಿರಲಿಲ್ಲ.

ಈಗ ಲೆಕ್ಕ ನೋಡಿ. ನಮ್ಮ ಟಬ್ಬಿನ ಅಂಚು ನೆಲದಿಂದ 15 ಇಂಚು. ಗಾಜು ಅದರ ಮೇಲೆ 56 ಇಂಚು. ಒಟ್ಟು 71. ಟಬ್ಬಿನ ಒಳಗಿನ ತಳ ಬಚ್ಚಲಿನ ನೆಲಕ್ಕಿಂತ ಎರಡು ಇಂಚು ಮೇಲಿದೆ. ಇವರು 73 ಇಂಚು ಎತ್ತರ. ಟಬ್ಬಿನಲ್ಲಿ ನಿಂತರೆ ನೆತ್ತಿ ನೆಲದಿಂದ 75 ಇಂಚಿಗೆ ಬಂತು. ಅಂದರೆ ಇವರ ತಲೆ ಗಾಜಿಗಿಂತ ನಾಲ್ಕಿಂಚು ಮೇಲೆ. ನೀರು ನೆತ್ತಿಗೆ ಬಡಿದು ಸಿಡಿಯುವ ಜಾಗವೇ ಗಾಜಿಗಿಂತ ಎತ್ತರದಲ್ಲಿ. ಆ ಸಿಡಿದ ನೀರು ಹೊರಗೆ ಹೋಗದೆ ಇನ್ನೇನು ಮಾಡೀತು? ಗಾಜಿನ ಹೊರಮೈ ಮೇಲೆ ಇಳಿದು, ಟಬ್ಬಿನ ಹೊರಗೋಡೆಯ ಮೇಲೆ ಇಳಿದು, ಆ ಎದ್ದ ಸಿಲಿಕೋನ್ ಸಂದಿಗೆ. ಪ್ರತಿದಿನ ಸ್ವಲ್ಪ ಸ್ವಲ್ಪ.

ಈ ಲೆಕ್ಕದಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಟಬ್ಬಿನ ಗಾಜಿನ ಎತ್ತರವನ್ನು ಅಂಗಡಿಯವರು ಹೇಳುವುದು ಟಬ್ಬಿನ ಅಂಚಿನಿಂದ. ನಾವು ಮನಸ್ಸಿನಲ್ಲಿ ಅಳೆಯುವುದು ನೆಲದಿಂದ. "58 ಇಂಚಾ? ಅದು ನನ್ನ ಭುಜಕ್ಕೂ ಬರೋದಿಲ್ಲ" ಅಂತ ಒಬ್ಬ ಗೆಳತಿ ಹೇಳಿದ್ದಳು. ಟಬ್ ಸೇರಿದರೆ ಅದು 73 ಇಂಚು. ಇದೇ ಗೊಂದಲದಲ್ಲಿ ಉಲ್ಟಾ ಕೂಡ ಆಗುತ್ತದೆ. 76 ಇಂಚಿನ ಬಾಗಿಲು ನೆಲಮಟ್ಟದ ಶವರ್‌ಗೆ ಅಂತ ಮಾಡಿದ್ದು. ಅದನ್ನು ಟಬ್ಬಿನ ಮೇಲೆ ಕೂರಿಸಿದರೆ 91 ಇಂಚಿಗೆ ಹೋಗುತ್ತದೆ. ಇಲ್ಲಿನ ಮಾಮೂಲಿ ಸೀಲಿಂಗ್ ಎಂಟು ಅಡಿ, ಅಂದರೆ 96. ಮೇಲೆ ಉಳಿಯುವುದು ಐದೇ ಇಂಚು. ಆದ್ದರಿಂದ ಯಾರ ಹತ್ತಿರ ಮಾತಾಡುವಾಗಲೂ "ಟಬ್ಬಿನ ಅಂಚಿನಿಂದ" ಅನ್ನುವ ಮಾತನ್ನು ಬಿಡಬೇಡಿ. ಕಾಗದದಲ್ಲೂ ಹಾಗೇ ಬರೆಸಿ.

ಟಬ್ಬಿಗೆ ಅಂತ ಸಿದ್ಧವಾಗಿ ಸಿಗುವ ಗಾಜುಗಳು ಹೆಚ್ಚಾಗಿ 55ರಿಂದ 62 ಇಂಚು. ಅದರಲ್ಲೂ 58ರ ಆಸುಪಾಸಿನದೇ ಜಾಸ್ತಿ. ಕೆಲವರು 66 ಇಂಚಿನದನ್ನೂ ಮಾಡುತ್ತಾರೆ. ಅದಕ್ಕಿಂತ ಎತ್ತರ ಬೇಕಾದರೆ ಸಾಮಾನ್ಯವಾಗಿ ಅಳತೆ ಕೊಟ್ಟು ಮಾಡಿಸಬೇಕು. ಇವುಗಳಲ್ಲಿ ಯಾವುದು ನಮಗೆ? ಅಂಗಡಿಯಲ್ಲಿ ನಿಂತು ನೋಡಿದರೆ ತಿಳಿಯುವುದಿಲ್ಲ. ಅಲ್ಲಿ ಬಾಗಿಲುಗಳನ್ನು ಒಂದು ಕಟ್ಟೆಯ ಮೇಲೆ ನಿಲ್ಲಿಸಿರುತ್ತಾರೆ, ಎಲ್ಲವೂ ಎತ್ತರವಾಗಿಯೇ ಕಾಣುತ್ತವೆ.

ನಾವು ಮನೆಯಲ್ಲೇ ಪರೀಕ್ಷೆ ಮಾಡಿದೆವು. ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಖರ್ಚು ಏನೂ ಇಲ್ಲ.

ಒಂದು ಶನಿವಾರ ಹಳೆಯ ಬಾಗಿಲುಗಳನ್ನು ಬಿಚ್ಚಿ ಗ್ಯಾರೇಜಿಗೆ ಸಾಗಿಸಿದೆವು. ನಾನು ಬಣ್ಣ ಬಳಿಯುವವರ ನೀಲಿ ಟೇಪ್ ತಗೊಂಡು ಗೋಡೆ ಮೇಲೆ ಗೆರೆ ಹಾಕಿದೆ. ಮಗಳು ಅಳತೆ ಟೇಪಿನ ತುದಿಯನ್ನು ಟಬ್ಬಿನ ಅಂಚಿಗೆ ಒತ್ತಿ ಹಿಡಿದಳು. ಅವಳಿಗೆ ಆರು ವರ್ಷ, ಕೆಲಸ ಬಹಳ ಗಂಭೀರವಾಗಿ ಮಾಡಿದಳು. ಅಂಚಿನಿಂದ 58, 62, 66ಕ್ಕೆ ಮೂರು ಗೆರೆ. ಆಮೇಲೆ ಪರದೆ ಹಾಕುವ ಸ್ಪ್ರಿಂಗ್ ರಾಡ್ ಇರುತ್ತದಲ್ಲ, ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲುವಂಥದ್ದು, ಅದನ್ನು ಮೊದಲ ಗೆರೆಗೆ ಕೂರಿಸಿದೆ. ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಕೆಳತುದಿಯನ್ನು ಟಬ್ಬಿನೊಳಗೆ ಹಾಕಿ, ಎರಡೂ ಬದಿ ಗೋಡೆಗೆ ಟೇಪ್ ಅಂಟಿಸಿದೆ. ನೆಲದ ಮೇಲೆ ದಿನಸಿ ಅಂಗಡಿಯ ಕಂದು ಕಾಗದದ ಚೀಲಗಳನ್ನು ಬಿಡಿಸಿ ಹಾಸಿದೆ. ಆ ಕಾಗದದ ಮೇಲೆ ಒಂದು ಹನಿ ಬಿದ್ದರೂ ಕಪ್ಪಗೆ ಎದ್ದು ಕಾಣುತ್ತದೆ.

ಇವರಿಗೆ ಒಂದೇ ಷರತ್ತು. ದಿನಾ ಮಾಡುವ ಹಾಗೆ ಸ್ನಾನ ಮಾಡಬೇಕು. ಜಾಗ್ರತೆ ಮಾಡಬಾರದು. ತಲೆಗೆ ಶಾಂಪೂ ಹಾಕಿ ತಿಕ್ಕಬೇಕು.

58ಕ್ಕೆ ಕಾಗದ ಎಲ್ಲ ಕಡೆ ಚುಕ್ಕೆ. ಶವರಿನ ಕಡೆಗಿಂತ ನಡುವಿನಲ್ಲಿ ಜಾಸ್ತಿ, ಇವರು ನಿಲ್ಲುವ ಜಾಗಕ್ಕೆ ಸರಿಯಾಗಿ. 62ಕ್ಕೆ ಮಗಳು ಎಣಿಸಿ 11 ಚುಕ್ಕೆ ಅಂದಳು. ಅದು ಕಡಿಮೆ ಅಲ್ವಾ, ಸಾಕು ಅಂತ ನನಗೆ ಅನಿಸಿತು. ಆದರೆ ಇವರು ಒಂದು ಮಾತು ಹೇಳಿದರು, ಅದರಿಂದ ವಿಷಯ ಬಗೆಹರಿಯಿತು. "ತಲೆ ತಿಕ್ಕುವಾಗ ಮೊಣಕೈ ಎಲ್ಲಿರುತ್ತೆ ನೋಡು" ಅಂದರು. ಹೌದು. ಕೈ ಎತ್ತಿ ತಲೆ ತಿಕ್ಕುವಾಗ ಮೊಣಕೈ ಹೊರಕ್ಕೆ ಚಾಚಿಕೊಂಡು ಕಿವಿಯ ಮಟ್ಟಕ್ಕೆ ಬರುತ್ತದೆ. ನೀರು ಕೈಗುಂಟ ಹರಿದು ಮೊಣಕೈ ತುದಿಯಿಂದ ಚಿಮ್ಮುತ್ತದೆ. ಆ 11 ಚುಕ್ಕೆ ಅಲ್ಲಿಂದ ಬಂದದ್ದು. ಅದೂ ಅಲ್ಲದೆ ಪ್ಲಾಸ್ಟಿಕ್ ಮೆತ್ತಗಿರುತ್ತದೆ, ಬಡಿದ ನೀರು ಅಲ್ಲೇ ಇಳಿದುಹೋಗುತ್ತದೆ. ಗಾಜು ಗಟ್ಟಿ, ಬಡಿದ ನೀರು ಮತ್ತೆ ಸಿಡಿಯುತ್ತದೆ. ನಿಜವಾದ ಗಾಜಿಗೆ 11 ಇನ್ನೂ ಜಾಸ್ತಿಯಾಗಬಹುದು.

66ಕ್ಕೆ ಎರಡೇ ಚುಕ್ಕೆ. ಅವೂ ಪ್ಲಾಸ್ಟಿಕ್ಕಿನ ಬದಿಯಲ್ಲಿ ಟೇಪ್ ಬಿಟ್ಟಿದ್ದ ಕಡೆ.

66 ಅಂದರೆ ನೆಲದಿಂದ 81. ಶವರಿನ ಮುಖ ಇರುವುದು 77ಕ್ಕೆ. ಅಂದರೆ ಗಾಜು ಶವರಿಗಿಂತ ನಾಲ್ಕಿಂಚು ಮೇಲೆ, ಇವರ ನೆತ್ತಿಗಿಂತ ಆರಿಂಚು ಮೇಲೆ. ನನ್ನ ಅನುಭವದಲ್ಲಿ ಇದೇ ಸರಿಯಾದ ಅಳತೆಗೋಲು. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ಟಬ್ಬಿನಲ್ಲಿ ನಿಲ್ಲಿಸಿ. ನೆತ್ತಿಗಿಂತ ಐದಾರು ಇಂಚು ಮೇಲೆ ಗಾಜು ಹೋಗಲಿ. ಶವರಿನ ಮುಖ ಗಾಜಿನ ತುದಿಗಿಂತ ಕೆಳಗೇ ಇರಲಿ. 5 ಅಡಿ 6 ಇಂಚಿನವರೇ ಇರುವ ಮನೆಗೆ 58 ಧಾರಾಳವಾಗಿ ಸಾಕು. ಅವರು 66 ಹಾಕಿಸಿಕೊಂಡು ದುಡ್ಡು ಸುರಿಯಬೇಕಾಗಿಲ್ಲ.

ಹಾಗಾದರೆ ಸೀಲಿಂಗ್‌ವರೆಗೇ ಹಾಕಿಸಿದರೆ ಆಯಿತಲ್ಲ? ಇದನ್ನು ಬಹಳ ಜನ ಕೇಳುತ್ತಾರೆ. ಇಲ್ಲಿನ ಕನ್ನಡದ ಗೆಳೆಯರೊಬ್ಬರ ಮನೆಯಲ್ಲಿ ಯುಗಾದಿ ಊಟಕ್ಕೆ ಹೋದಾಗ ಅಂಥ ಗಾಜು ನೋಡಿದ್ದೆವು. ಚೌಕಟ್ಟೇ ಇಲ್ಲ, ಬರೀ ಗಾಜು, ಮೇಲಿನವರೆಗೂ. ನೋಡಲು ಬಹಳ ಚೆನ್ನಾಗಿತ್ತು. ಇವರಿಗೂ ಆಸೆಯಾಯಿತು. ನಾನು ಬೇಡ ಅಂದೆ, ಅದಕ್ಕೆ ಕಾರಣ ಹಬೆ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ ಇರುವ ಊರಲ್ಲಿ ನಾವು ಕುದಿಯುವಂಥ ನೀರಲ್ಲಿ ಸ್ನಾನ ಮಾಡುತ್ತೇವೆ. ಆ ಹಬೆ ಮೇಲೇರಿ ಎಕ್ಸಾಸ್ಟ್ ಫ್ಯಾನಿಗೆ ಹೋಗಬೇಕು. ಇಲ್ಲಿನ ಮನೆಗಳ ನಿಯಮದಲ್ಲಿ, ಬೇಕಾದಾಗ ಹಾಕಿ ಆರಿಸುವ ಬಚ್ಚಲು ಫ್ಯಾನು ನಿಮಿಷಕ್ಕೆ ಕನಿಷ್ಠ 50 ಘನ ಅಡಿ ಗಾಳಿ ಎಳೆಯಬೇಕು. ಆದರೆ ನಮ್ಮ ಫ್ಯಾನು ಇರುವುದು ಟಬ್ಬಿನ ಹೊರಗೆ, ಕೋಣೆಯ ನಡುವೆ. ಗಾಜು ಮೇಲಿನವರೆಗೂ ಮುಚ್ಚಿದರೆ ಫ್ಯಾನು ಆಚೆಯ ಒಣ ಗಾಳಿಯನ್ನೇ ಎಳೆಯುತ್ತ ಕೂರುತ್ತದೆ. ಹಬೆ ಒಳಗೇ ಉಳಿದು ಸೀಲಿಂಗಿಗೆ ಬೂಸ್ಟು ಹಿಡಿಯುತ್ತದೆ. ನಮಗೆ ಈಗ 81ರಿಂದ 96ರವರೆಗೆ 15 ಇಂಚು ಖಾಲಿ ಇದೆ. ಹಬೆ ಹೊರಗೆ ಹೋಗಲು ಅಷ್ಟು ದಾರಿ ಬೇಕು.

ಇನ್ನೊಂದು ಕಾರಣ ತೂಕ. ಗಾಜು ಎಷ್ಟು ಭಾರ ಅಂತ ಕೈಯಲ್ಲಿ ಹಿಡಿಯುವವರೆಗೂ ಗೊತ್ತಾಗುವುದಿಲ್ಲ. ಕಾಲು ಇಂಚು ದಪ್ಪದ ಗಾಜು ಒಂದು ಚದರ ಅಡಿಗೆ ಮೂರೂಕಾಲು ಪೌಂಡ್ ತೂಗುತ್ತದೆ. 3/8 ಇಂಚಿನದು ಸುಮಾರು ಐದು ಪೌಂಡ್. ಎತ್ತರ ಏರಿಸಿದ ಹಾಗೆಲ್ಲ ಈ ತೂಕ ಮೇಲಿನ ಗಾಲಿಗಳ ಮೇಲೆ, ಅಲ್ಲಿಂದ ಎರಡು ಕಡೆಯ ಗೋಡೆ ಮೇಲೆ ಬೀಳುತ್ತದೆ. ತೆಳು ಗಾಜನ್ನೇ ಎತ್ತರ ಮಾಡಿದರೆ ಸರಿಸುವಾಗ ನಡುಗುತ್ತದೆ. ನಾವು ನಡುವಿನದನ್ನು ಆರಿಸಿದೆವು, 5/16 ಇಂಚು, ಅಂದರೆ 8 ಮಿಲಿಮೀಟರ್. 30 ಇಂಚು ಅಗಲ, 66 ಇಂಚು ಎತ್ತರದ ಒಂದು ಬಾಗಿಲು ಸುಮಾರು 56 ಪೌಂಡ್ ಆಯಿತು. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲ ಸಿಗುತ್ತದಲ್ಲ, ಹೆಚ್ಚುಕಡಿಮೆ ಅಂಥ ಮೂರು ಚೀಲ. ಅಂಥವು ಎರಡು ಬಾಗಿಲು.

ಮತ್ತೆ ಈ ಗಾಜನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ. ಸ್ನಾನದ ಜಾಗದ ಗಾಜು ಅಮೆರಿಕದಲ್ಲಿ ಸುರಕ್ಷಿತ ಗಾಜೇ ಆಗಿರಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂದದ್ದು 1977ರಲ್ಲಿ. ಅದಕ್ಕೆ ಇಲ್ಲಿ ಹಾಕುವುದು ಟೆಂಪರ್ಡ್ ಗಾಜು. ಕಾಯಿಸಿ ಒಮ್ಮೆಲೇ ತಣಿಸಿ ಮಾಡಿದ್ದು. ಒಡೆದರೆ ಚೂರಿಯಂಥ ತುಂಡಾಗದೆ ಕಲ್ಲುಸಕ್ಕರೆಯಂಥ ಸಣ್ಣ ಹರಳಾಗಿ ಉದುರುತ್ತದೆ. ಮೂಲೆಯಲ್ಲಿ ಅಳಿಸಲಾಗದ ಒಂದು ಸಣ್ಣ ಮುದ್ರೆ ಇರುತ್ತದೆ, ಕೊಳ್ಳುವಾಗ ನೋಡಿ. ಆದರೆ ಕಾಯಿಸಿ ತಣಿಸಿದ ಮೇಲೆ ಅದನ್ನು ಕತ್ತರಿಸಲು ಹೋದರೆ ಇಡೀ ಹಾಳೆ ಪುಡಿಯಾಗುತ್ತದೆ. "ಒಂದಿಂಚು ಜಾಸ್ತಿ ಆದರೆ ಕೊಯ್ಸೋಣ" ಅನ್ನುವ ಮಾತಿಲ್ಲ.

ಈಗ ಗೋಡೆಗೆ ಬರುತ್ತೇನೆ. ನಮ್ಮ ದುಡ್ಡು ಗಾಜಿಗಿಂತ ಗೋಡೆಗೇ ಜಾಸ್ತಿ ಹೋಯಿತು.

ಹಳೆಯ ಟೈಲ್ಸ್ ನೆಲದಿಂದ 72 ಇಂಚಿನವರೆಗೆ ಮಾತ್ರ ಇತ್ತು. ನಾಲ್ಕೂಕಾಲು ಇಂಚಿನ ಚೌಕದ ಬಾದಾಮಿ ಬಣ್ಣದ ಟೈಲ್ಸ್. ಅದರ ಮೇಲೆ ಬರೀ ಬಣ್ಣ ಬಳಿದ ಡ್ರೈವಾಲ್. ಡ್ರೈವಾಲ್ ಅಂದರೆ ಎರಡು ಕಾಗದದ ನಡುವಿನ ಜಿಪ್ಸಮ್ ಹಲಗೆ, ನೀರು ಕುಡಿದರೆ ಉಬ್ಬುತ್ತದೆ. 81 ಇಂಚಿಗೆ ಗಾಜು ಹಾಕಿದರೆ ಅದನ್ನು ಹಿಡಿಯುವ ಪಟ್ಟಿಯ ಮೇಲಿನ ಒಂಬತ್ತು ಇಂಚು ಟೈಲ್ಸ್ ಮೇಲೆ ಅಲ್ಲ, ಬಣ್ಣದ ಗೋಡೆ ಮೇಲೆ ಬರುತ್ತದೆ. ಟೈಲ್ಸ್ ದಪ್ಪವಾಗಿರುವುದರಿಂದ ಪಟ್ಟಿ ನೇರ ಕೂರುವುದಿಲ್ಲ, ಮೇಲೆ ಸಂದಿ ಬೀಳುತ್ತದೆ. ಅದೂ ಸರಿಯಾಗಿ ನೀರು ಸಿಡಿಯುವ ಎತ್ತರದಲ್ಲಿ.

ಮೊದಲು ಬಂದ ಕಂಟ್ರಾಕ್ಟರ್ ಆ ಸಂದಿಯಲ್ಲಿ ಮರದ ಪಟ್ಟಿ ಇಟ್ಟು ಸಿಲಿಕೋನ್ ತುಂಬಿಸುತ್ತೇನೆ ಅಂದರು. ನನಗೆ ಸಿಟ್ಟೇ ಬಂತು. ಒಂದು ಸೀಲಿಂಗ್ ಹಾಳಾಗಿದ್ದೇ ಸಿಲಿಕೋನ್ ನಂಬಿಕೊಂಡು ಕೂತದ್ದರಿಂದ. ನೀರು ಬೀಳುವ ಕಡೆ ಮರ ಇಡುವುದು ಕೆಲಸ ಅಲ್ಲ. ಅವರನ್ನು ಬೇಡ ಅಂದೆವು. ಎರಡನೆಯವರು ನಲ್ಲಿಯ ಪಕ್ಕ ಟೈಲ್ಸನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡಿದರು. ಟೊಳ್ಳು ಸದ್ದು. ಒಂದು ಟೈಲ್ ತೆಗೆದರೆ ಹಿಂದಿನ ಹಲಗೆ ಒದ್ದೆ ಅವಲಕ್ಕಿಯ ಹಾಗೆ ಕೈಗೆ ಬಂತು. ಆಮೇಲೆ ಚರ್ಚೆಯೇ ಇರಲಿಲ್ಲ. ಮೂರೂ ಗೋಡೆ ಕಿತ್ತು, ಸಿಮೆಂಟ್ ಹಲಗೆ ಹಾಕಿ, ನೀರು ತಡೆಯುವ ಪದರ ಬಳಿದು, ಹೊಸ ಬಿಳಿ ಟೈಲ್ಸನ್ನು 84 ಇಂಚಿಗೆ ಒಯ್ದರು. ಗಾಜಿನ ತುದಿಗಿಂತ ಮೂರಿಂಚು ಮೇಲೆ. ಎಸ್ ಪೈಪು ಕಿತ್ತು, ಗೋಡೆಯೊಳಗಿನ ಪೈಪನ್ನೇ ಏರಿಸಿ 80ಕ್ಕೆ ತಂದರು.

ನೀವು ಗೋಡೆ ಮುಟ್ಟದೆ ಬರೀ ಗಾಜು ಬದಲಿಸುವವರಾದರೆ, ಟೈಲ್ಸ್ ಎಲ್ಲಿಗೆ ನಿಂತಿದೆಯೋ ಅದೇ ನಿಮ್ಮ ಗಾಜಿನ ಮಿತಿ ಅಂತ ತಿಳಿದುಕೊಳ್ಳಿ. ಫೈಬರ್‌ಗ್ಲಾಸ್ ಗೋಡೆ ಇರುವ ಮನೆಗಳಲ್ಲಿ ಅದು ಸಾಮಾನ್ಯವಾಗಿ ಟಬ್ಬಿನ ಅಂಚಿನಿಂದ 58, 60 ಇಂಚಿಗೆ ಮುಗಿಯುತ್ತದೆ. 58ರ ಬಾಗಿಲು ಅಂಥ ಮನೆಗಳಿಗೆ ಸರಿಹೊಂದುತ್ತದೆ. ಅಲ್ಲಿ ಶವರನ್ನು ಏರಿಸುವ ಬದಲು ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿಕೊಳ್ಳುವುದು ವಾಸಿ.

ಗೋಡೆ ತೆರೆದಿದ್ದಾಗ ನಾನು ಇನ್ನೊಂದು ಕೆಲಸ ಮಾಡಿಸಿದೆ. ಅದು ಅಮ್ಮನಿಗಾಗಿ.

ಅಮ್ಮ ಎರಡು ವರ್ಷದ ಹಿಂದೆ ಆರು ತಿಂಗಳು ಇಲ್ಲಿ ಬಂದು ಇದ್ದರು. ಅವರು 4 ಅಡಿ 10 ಇಂಚು. ಆ ಹಳೆಯ 56 ಇಂಚಿನ ಗಾಜೇ ಅವರ ತಲೆಗಿಂತ ಎಷ್ಟೋ ಮೇಲಿತ್ತು. ಅವರ ಕಷ್ಟ ಬೇರೆ. ಟಬ್ಬಿನ 15 ಇಂಚಿನ ಅಂಚು ದಾಟಿ ಒಳಗೆ ಕಾಲಿಡಬೇಕು. ಊರಿನ ಬಚ್ಚಲಿಗೆ ಹೊಸ್ತಿಲೇ ಅಷ್ಟಿಲ್ಲ. ಅಮ್ಮ ದಾಟುವಾಗ ಗಾಜಿನ ಮೇಲಿದ್ದ ಟವೆಲ್ ಕಂಬಿ ಹಿಡಿದುಕೊಳ್ಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಒಂದು ದಿನ ದೀಪಾವಳಿಯ ಎಣ್ಣೆ ಸ್ನಾನ. ಮೈಗೆಲ್ಲ ಎಣ್ಣೆ, ತಲೆಗೆ ನಾನು ಇಲ್ಲಿ ಕುಂಡದಲ್ಲಿ ಬೆಳೆಸಿದ ದಾಸವಾಳ ಸೊಪ್ಪಿನ ಗೊಂಪು, ಅಂದರೆ ಲೋಳೆ. ಟಬ್ಬಿನ ತಳ ಹೇಗಾಗಿರಬೇಡ! ಅಮ್ಮ ಹೊರಗೆ ಬರುವಾಗ ಕಂಬಿ ಹಿಡಿದರು, ಬಾಗಿಲು ಸರ್ರನೆ ಸರಿಯಿತು. ಪುಣ್ಯಕ್ಕೆ ಇನ್ನೊಂದು ಕೈ ಗೋಡೆ ಮೇಲಿತ್ತು. "ಏನೂ ಆಗಲಿಲ್ಲ ಪುಟ್ಟಿ, ಸುಮ್ನೆ ಗಾಬರಿ ಆಗಬೇಡ" ಅಂದರು. ನನ್ನ ಎದೆ ಅರ್ಧ ಗಂಟೆ ಹೊಡೆದುಕೊಳ್ಳುತ್ತಿತ್ತು.

ಗಾಜಿನ ಮೇಲಿನ ಟವೆಲ್ ಕಂಬಿ ಹಿಡಿದು ನಿಲ್ಲುವ ಕಂಬಿ ಅಲ್ಲ. ಇದನ್ನು ನಿಮ್ಮ ಮನೆಗೆ ಬರುವ ಎಲ್ಲ ಹಿರಿಯರಿಗೂ ಮೊದಲ ದಿನವೇ ಹೇಳಿ. ಬಾಗಿಲು ಎತ್ತರವಾದಷ್ಟೂ ಗಟ್ಟಿಮುಟ್ಟಾಗಿ ಕಾಣುತ್ತದೆ, ಹಿಡಿದುಕೊಳ್ಳಬಹುದು ಅನಿಸುತ್ತದೆ. ಹಾಗಾಗಿ ಇನ್ನೂ ಅಪಾಯ. ನಾವು ಗೋಡೆಯೊಳಗೆ, ಕಂಬಗಳ ನಡುವೆ, ದಪ್ಪ ಮರದ ಅಡ್ಡಹಲಗೆ ಇಡಿಸಿ ಅದಕ್ಕೆ ಸ್ಟೀಲಿನ ಹಿಡಿಕೆ ಬಿಗಿಸಿದೆವು. ಸಾರ್ವಜನಿಕ ಕಟ್ಟಡಗಳ ನಿಯಮದಲ್ಲಿ ಹಿಡಿಕೆ ನೆಲದಿಂದ 33ರಿಂದ 36 ಇಂಚಿನಲ್ಲಿ ಇರಬೇಕು, 250 ಪೌಂಡ್ ಭಾರ ತಡೆಯಬೇಕು ಅಂತಿದೆ. ನಾವೂ ಅದನ್ನೇ ಇಟ್ಟುಕೊಂಡೆವು. ಅಮ್ಮನಿಗೆ ಫೋನಿನಲ್ಲಿ ಎತ್ತರ ಕೇಳಿದೆ. ಅವರು ಸಾಗರದ ಮನೆಯಲ್ಲಿ ಗೋಡೆ ಪಕ್ಕ ನಿಂತು, ಅಪ್ಪನ ಕೈಲಿ ನೆಲದಿಂದ ಸೊಂಟದವರೆಗೆ ಅಳೆಸಿ ಹೇಳಿದರು. 33 ಸರಿಯಾಯಿತು.

ಸಣ್ಣ ಮಕ್ಕಳಿರುವವರಿಗೆ ಒಂದು ಮಾತು. ಟಬ್ಬಿನ ಪಕ್ಕ ಮಂಡಿಯೂರಿ ಕೂಸಿಗೆ ಸ್ನಾನ ಮಾಡಿಸುವ ಕಾಲದಲ್ಲಿ ಸರಿಯುವ ಗಾಜು ತೊಂದರೆಯೇ. ಒಂದು ಸಲಕ್ಕೆ ಅರ್ಧ ಟಬ್ ಮಾತ್ರ ತೆರೆಯುತ್ತದೆ. ಎರಡು ವರ್ಷ ಪರದೆಯಲ್ಲೇ ಕಳೆಯಿರಿ, ಗಾಜು ಎಲ್ಲೂ ಓಡಿಹೋಗುವುದಿಲ್ಲ. ನಮ್ಮ ಮಗಳು ಈಗ ತಾನೇ ಸ್ನಾನ ಮಾಡುತ್ತಾಳೆ.

ಅಗಲ ಅಳೆಯುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೂ ಎತ್ತರಕ್ಕೂ ಸಂಬಂಧ ಇದೆ. ಗೋಡೆ ಯಾವತ್ತೂ ನೇರ ಇರುವುದಿಲ್ಲ. ಕೆಳಗೆ, ನಡುವೆ, ಮೇಲೆ, ಮೂರು ಕಡೆ ಅಳೆಯಿರಿ. ನಮ್ಮದು ಕೆಳಗೆ 59 ಇಂಚು, ಮೇಲೆ 66ರ ಗೆರೆಯಲ್ಲಿ ಕಾಲು ಇಂಚು ಜಾಸ್ತಿ. 56 ಇಂಚಿನ ಗಾಜಿಗೆ ಆ ಓರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಎತ್ತರವಾದಂತೆ ಓರೆ ಬೆಳೆಯುತ್ತಾ ಹೋಗುತ್ತದೆ. ಬದಿಯ ಪಟ್ಟಿಯಲ್ಲಿ ಎಷ್ಟು ಸರಿಪಡಿಸಲು ಜಾಗ ಇದೆ ಅಂತ ಕೇಳಿಕೊಂಡೇ ಗಾಜು ಆರ್ಡರ್ ಮಾಡಿ.

ಜೂನ್ ಕೊನೆಯಲ್ಲಿ ಇಬ್ಬರು ಬಂದು ಕೂರಿಸಿದರು. ಗಾಜನ್ನು ಒಮ್ಮೆಯೂ ಬರಿ ಟೈಲ್ಸ್ ಮೇಲೆ ಇಡಲಿಲ್ಲ, ರಟ್ಟು ಹಾಸಿ ಅದರ ಮೇಲೆ ಇಟ್ಟರು. ಟೆಂಪರ್ಡ್ ಗಾಜಿನ ಮೈ ಎಷ್ಟು ಗಟ್ಟಿಯೋ ಮೂಲೆ ಅಷ್ಟೇ ಸೂಕ್ಷ್ಮ. ಕೆಳಗಿನ ಹಳಿಗೆ ಸಿಲಿಕೋನನ್ನು ಹೊರಬದಿಗೆ ಮಾತ್ರ ಹಚ್ಚಿದರು. ಒಳಬದಿಯ ಸಣ್ಣ ತೂತುಗಳನ್ನು ಮುಚ್ಚಬಾರದು, ಹಳಿಯಲ್ಲಿ ನಿಂತ ನೀರು ಅದರ ಮೂಲಕವೇ ಟಬ್ಬಿಗೆ ವಾಪಸ್ ಹೋಗುವುದು. 24 ಗಂಟೆ ನೀರು ಮುಟ್ಟಿಸಬೇಡಿ ಅಂತ ಹೇಳಿ ಹೋದರು. ಇವರು ಮರುದಿನ ಸಂಜೆಯವರೆಗೆ ಕಾದು ಕೂತಿದ್ದರು.

ಮೊದಲ ಸ್ನಾನಕ್ಕೆ ಮಗಳು ತಾನಾಗಿ ಕಂದು ಕಾಗದ ತಂದು ನೆಲಕ್ಕೆ ಹಾಸಿದಳು. ಇವರು ಹೊರಗೆ ಬಂದ ಮೇಲೆ ಮೂವರೂ ಬಗ್ಗಿ ನೋಡಿದೆವು. ಗಾಜಿನ ಉದ್ದಕ್ಕೂ ಕಾಗದ ಒಣಗಿತ್ತು. ಮೇಲಿನಿಂದ ಒಂದು ಹನಿಯೂ ಬಂದಿರಲಿಲ್ಲ. ನನಗೆ ಅಷ್ಟು ಸಂತೋಷವಾಗಿತ್ತು, ಅಳುವೇ ಬಂತು. ಆದರೆ ಸರಿಯಾಗಿ ನಡುವೆ, ಎರಡು ಬಾಗಿಲು ಒಂದರ ಮೇಲೊಂದು ಸೇರುವ ಜಾಗದ ಕೆಳಗೆ, ರೂಪಾಯಿಯಷ್ಟು ಅಗಲದ ಒದ್ದೆ.

ಅರ್ಧ ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಗೊತ್ತಾಯಿತು. ಸರಿಯುವ ಬಾಗಿಲಿನಲ್ಲಿ ಒಂದು ಒಳಗಿನದು, ಟಬ್ಬಿನ ಕಡೆಯದು. ಇನ್ನೊಂದು ಹೊರಗಿನದು. ಸ್ನಾನ ಮಾಡುವಾಗ ಒಳಗಿನ ಬಾಗಿಲು ಶವರಿನ ಕಡೆ ಇರಬೇಕು. ಆಗ ಶವರಿನಿಂದ ಬಂದ ನೀರು ಒಳಗಿನ ಗಾಜಿನ ಮೇಲೆ ಹಾದು ಸಂದಿಯನ್ನು ದಾಟಿಹೋಗುತ್ತದೆ. ಉಲ್ಟಾ ಇದ್ದರೆ ಸಂದಿಯ ಬಾಯಿ ಶವರಿಗೆ ಎದುರಾಗಿ ತೆರೆದಿರುತ್ತದೆ, ನೀರು ನೇರ ಒಳಕ್ಕೆ ನುಗ್ಗುತ್ತದೆ. ನಮ್ಮ ಊರಿನ ಮನೆಗೆ ಹೆಂಚು ಹೊದಿಸುವ ಹಾಗೆಯೇ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರಬೇಕು, ನೀರು ಹರಿಯುವ ಕಡೆಗೆ. ತಿರುಗಿಸಿ ಹೊದಿಸಿದರೆ ಮೊದಲ ಮಳೆಗೇ ಸೋರುತ್ತದೆ. ಇವರು ಅವತ್ತು ಹೊರಗಿನ ಬಾಗಿಲನ್ನು ಶವರಿನ ಕಡೆಗೆ ಎಳೆದುಕೊಂಡಿದ್ದರು.

ಬಾಗಿಲುಗಳನ್ನು ಸರಿಯಾಗಿ ಸರಿಸಿ ಮತ್ತೆ ನೀರು ಬಿಟ್ಟೆವು. ಕಾಗದ ಒಣಗಿತ್ತು. ಮಗಳು ಗೋಡೆ ಮೇಲೆ, ತನ್ನ ಕಣ್ಣಿನ ಮಟ್ಟಕ್ಕೆ, ಉಳಿದಿದ್ದ ನೀಲಿ ಟೇಪಿನಿಂದ ಒಂದು ಬಾಣ ಮಾಡಿ ಅಂಟಿಸಿದ್ದಾಳೆ. ಬಾಣದ ಪಕ್ಕ ದೊಡ್ಡ ಅಕ್ಷರದಲ್ಲಿ "ಒಳಗಿನದು ಈ ಕಡೆ" ಅಂತ ಬರೆದಿದ್ದಾಳೆ. ಅಜ್ಜಿ ದೀಪಾವಳಿಗೆ ಬರುತ್ತಾರೆ, ಅವರಿಗೂ ಕಾಣಲಿ ಅಂತ ಕನ್ನಡದಲ್ಲೇ ಬರೆದದ್ದು.